ಹೆಡ್ ಬಿಚ್ಚದೆಯೇ ಶಿರಾಡಿ ಹತ್ತಿಸಿದೆ

ಕಳೆದ ಮೇ ತಿಂಗಳಲ್ಲಿ ಧರ್ಮಸ್ಥಳದಿಂದ ವಾಪಸ್ ಬರುವಾಗ ಕಾರಲ್ಲಿ ಐದು ಜನ, ಎಸಿ ಆನ್. ಗುಂಡ್ಯದಿಂದ ಸಕಲೇಶಪುರದವರೆಗೆ ಶಿರಾಡಿ ಘಾಟಿ ಹತ್ತಿದೆವು. ಎಂಜಿನ್ ಬಿಸಿ ತೋರಿಸುವ ಮುಳ್ಳು ಅರ್ಧ ಬಿಟ್ಟು ಮೇಲೇಳಲಿಲ್ಲ. ಇದೇ ಕಾರನ್ನು ನೋಡಿ "ಹೆಡ್ ಗ್ಯಾಸ್ಕೆಟ್ ಹೋಗಿದೆ, ಬಿಚ್ಚಲೇಬೇಕು" ಅಂತ ಮೂರು ಕಡೆ ಹೇಳಿದ್ದರು. ಹೆಡ್ ಅಂದರೆ ಎಂಜಿನ್ನಿನ ಮೇಲಿನ ಮುಚ್ಚಳ, ಗ್ಯಾಸ್ಕೆಟ್ ಅಂದರೆ ಅದರ ಕೆಳಗೆ ಕೂರುವ ಸೀಲು. ನಾನು ಹೆಡ್ ಮುಟ್ಟಲೇ ಇಲ್ಲ.

ತಿಪಟೂರಿನಲ್ಲಿ ನನ್ನದೊಂದು ಚಿಕ್ಕ ಗ್ಯಾರೇಜು. ಇದು 1.2 ಲೀಟರ್ ಪೆಟ್ರೋಲ್ ಗಾಡಿ, ಲಕ್ಷದ ಮೇಲೆ ಓಡಿತ್ತು. ಹೀಟ್ ಆಗುತ್ತೆ ಅಂತ ಯಾರೂ ಕೊಳ್ಳುತ್ತಿರಲಿಲ್ಲ, 70 ಸಾವಿರಕ್ಕೆ ಸಿಕ್ಕಿತು. "ದುಡ್ಡು ಹೊಳೆಗೆ ಹಾಕಿದ್ರಿ" ಅಂದರು ನಮ್ಮ ಭಾವ. ಹೆಡ್ ಕೆಲಸ ಅಂದರೆ ಆಗ 16-18 ಸಾವಿರ ಆಗುತ್ತಿತ್ತು.

ನನಗೆ ಅನುಮಾನ ಬರಲು ಕಾರಣ ಇತ್ತು. ಆಯಿಲ್ ಕಡ್ಡಿ ಎಳೆದರೆ ಶುದ್ಧ ಆಯಿಲ್, ನೀರು ಬೆರೆತು ಚಹಾ ಬಣ್ಣಕ್ಕೆ ತಿರುಗಿರಲಿಲ್ಲ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ರೇಡಿಯೇಟರ್‌ನ ಮೇಲಿನ ಹೋಸ್ ತಕ್ಷಣ ಬಿಗಿಯಾಗುತ್ತಿರಲಿಲ್ಲ. ಎಂಜಿನ್ನಿನ ಸುಟ್ಟ ಗ್ಯಾಸ್ ರೇಡಿಯೇಟರ್ ನೀರಿಗೆ ಸೇರುತ್ತಿದ್ದರೆ ಬಣ್ಣ ಬದಲಿಸುವ ನೀಲಿ ದ್ರವದ ಟೆಸ್ಟ್ ಎರಡು ಸಲ ಮಾಡಿದೆ, ನೀಲಿ ನೀಲಿಯಾಗೇ ಉಳಿಯಿತು. ಇನ್ನೊಂದು ವಿಷಯ, ಪೇಟೆಯ ಟ್ರಾಫಿಕ್‌ನಲ್ಲಿ ಗಾಡಿ ಆರಾಮಾಗಿರುತ್ತಿತ್ತು, ಏರಿನಲ್ಲಿ ಮಾತ್ರ ಕುದಿ ಬರುತ್ತಿತ್ತು. ಫ್ಯಾನ್ ತೊಂದರೆ ಆಗಿದ್ದರೆ ಇದು ಉಲ್ಟಾ ಇರಬೇಕಿತ್ತು, ಅಲ್ವಾ?

ಗಾಡಿ ಓಡಿಸಿ ನಿಲ್ಲಿಸಿದ ಮಾರನೇ ದಿನ ಬೆಳಿಗ್ಗೆ ಬಾನೆಟ್ ಎತ್ತಿದಾಗ ಉತ್ತರ ಕಣ್ಣೆದುರೇ ಇತ್ತು. ಮೇಲಿನ ಹೋಸ್ ಯಾರೋ ಹಿಂಡಿದ ಹಾಗೆ ಚಪ್ಪಟೆಯಾಗಿತ್ತು. ಬಿಸಿಯಾಗಿ ಉಕ್ಕಿದ ನೀರು ಹೋಗಿ ಸೇರುವ ಓವರ್‌ಫ್ಲೋ ಬಾಟಲಿ ತುಂಬಿತ್ತು, ರೇಡಿಯೇಟರ್ ಒಳಗೆ ನೀರು ಕಮ್ಮಿ. ಕ್ಯಾಪ್ ತೆಗೆದು ನೋಡಿದರೆ ಮಧ್ಯದ ಪುಟ್ಟ ವಾಲ್ವ್ ಬಿಳಿ ಪಾಚಿಯಂಥ ಉಪ್ಪು ಕಟ್ಟಿ ಅಂಟಿಕೊಂಡಿತ್ತು. ಹಾಗಾಗಿ ಎಂಜಿನ್ ತಣ್ಣಗಾದಾಗ ಬಾಟಲಿಗೆ ಹೋದ ನೀರು ವಾಪಸ್ ಬರುತ್ತಿರಲಿಲ್ಲ. ಹಿಂದಿನ ಮಾಲೀಕರು ವರ್ಷಗಟ್ಟಲೆ ಬೋರ್ ನೀರನ್ನೇ ಸುರಿದಿದ್ದರು.

ಖುಷಿಯಲ್ಲಿ 120 ರೂಪಾಯಿಯ ಕ್ಯಾಪ್ ಹಾಕಿ ಘಾಟಿಗೆ ಹೋದೆ. ಮಾರನಹಳ್ಳಿ ಹತ್ತಿರ ಮತ್ತೆ ಕುದಿ. ಟೆಸ್ಟರ್‌ಗೆ ಹಾಕಿದರೆ ಆ ಕ್ಯಾಪ್ 0.5 ಬಾರ್ ಒತ್ತಡಕ್ಕೇ ಬಿಡುತ್ತಿತ್ತು, ಇರಬೇಕಾದದ್ದು 0.9 ಬಾರ್. ಒತ್ತಡ ಸರಿಯಾಗಿ ನಿಂತರೆ ಬರೀ ನೀರೇ ಇದ್ದರೂ 118 ಡಿಗ್ರಿ ಹತ್ತಿರ ಹೋಗಬೇಕು ಕುದಿಯಲು. 350 ರೂಪಾಯಿಯ ಕ್ಯಾಪ್ ತಂದೆ. ಸುಧಾರಿಸಿತು, ಆದರೆ ಪೂರ್ತಿ ಅಲ್ಲ.

ಆಮೇಲೆ ಎಂಜಿನ್ ಬಿಸಿ ಮಾಡಿ ಆಫ್ ಮಾಡಿದೆ. ಫ್ಯಾನ್ ಪ್ಲಗ್ ಕಿತ್ತು ರೇಡಿಯೇಟರ್ ಮೇಲೆ ಅಂಗೈ ಆಡಿಸಿದೆ. ಮಧ್ಯದಿಂದ ಕೆಳಗೆ ಒಂದು ಊಟದ ತಟ್ಟೆಯಷ್ಟು ಜಾಗ ಬರೀ ಬೆಚ್ಚಗಿತ್ತು, ಸುತ್ತ ಸುಡುತ್ತಿತ್ತು. ಅಲ್ಲಿನ ಟ್ಯೂಬುಗಳೆಲ್ಲ ಕಟ್ಟಿಕೊಂಡಿದ್ದವು. ನಾಲ್ಕೂವರೆ ಲೀಟರ್ ನೀರಿಗೆ ಕಾಲು ಕೆಜಿ ನಿಂಬೆ ಉಪ್ಪು ಹಾಕಿ ಓಡಿಸಿದೆ. ಕಬ್ಬಿನ ಹಾಲಿನ ಬಣ್ಣದ ನೀರು ಬಂತು. ಇಲ್ಲಿ ದುರಾಸೆ ಪಟ್ಟೆ. ಅರ್ಧ ಗಂಟೆಗೆ ನಿಲ್ಲಿಸಬೇಕಾದದ್ದನ್ನು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೆಲದ ಮೇಲೆ ಕೊಚ್ಚೆ. ತೂತುಗಳನ್ನು ಮುಚ್ಚಿಕೊಂಡಿದ್ದದ್ದೇ ಆ ಉಪ್ಪು! ಹೊಸ ರೇಡಿಯೇಟರ್‌ಗೆ 3,400 ಹೋಯಿತು.

ಇನ್ನು ಥರ್ಮೋಸ್ಟ್ಯಾಟ್, ಅಂದರೆ ಎಂಜಿನ್ ಬಿಸಿಯಾದ ಮೇಲೆ ತೆರೆದು ನೀರನ್ನು ರೇಡಿಯೇಟರ್‌ಗೆ ಬಿಡುವ ವಾಲ್ವ್. ಹಿಂದೆ ಯಾರೋ ಕಿತ್ತು ಬಿಸಾಕಿದ್ದರು. ನಮ್ಮ ಕಡೆ ಗಾಡಿ ಹೀಟ್ ಆದರೆ ಮೊದಲು ಮಾಡುವ ಕೆಲಸ ಇದೇ. ನಾನು ವಾಪಸ್ ಹಾಕುತ್ತೇನೆ ಅಂದಾಗ ಪಕ್ಕದ ಗ್ಯಾರೇಜಿನ ಹಿರಿಯರು "ಬಿಸಿಲು ನಾಡಲ್ಲಿ ಅದು ಯಾಕಪ್ಪಾ?" ಅಂದರು. ಆದರೆ ಈ ಎಂಜಿನ್ನಿನಲ್ಲಿ ವಾಲ್ವ್ ತೆರೆದಾಗ ಅದರ ಹಿಂದಿನ ಬಿಲ್ಲೆ ಬೈಪಾಸ್ ದಾರಿ ಮುಚ್ಚುತ್ತದೆ. ವಾಲ್ವೇ ಇಲ್ಲದಿದ್ದರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರ್ ಮುಖವನ್ನೇ ನೋಡದೆ ಸುತ್ತುತ್ತಿರುತ್ತದೆ. ಹೊಸ ವಾಲ್ವನ್ನು ಪಾತ್ರೆ ನೀರಲ್ಲಿ ಬಿಸಿ ಮಾಡಿ ನೋಡಿದೆ, 82 ಡಿಗ್ರಿಗೆ ಬಾಯಿ ಬಿಟ್ಟಿತು. 650 ರೂಪಾಯಿ. ಮೈಲೇಜ್ ಕೂಡ 11ರಿಂದ 15ರ ಹತ್ತಿರ ಬಂತು, ಏರಿಲ್ಲದ ಕಡೆ ಎಂಜಿನ್ ಇನ್ನೂ ತಣ್ಣಗಿದೆ ಅಂತ ಗಾಡಿ ಜಾಸ್ತಿ ಪೆಟ್ರೋಲ್ ಸುರಿಯುತ್ತಿದ್ದದ್ದು ನಿಂತಿತಲ್ಲ.

ಈ ಮಧ್ಯೆ ನೀರಿನ ಹುಚ್ಚು ಹಿಡಿಯಿತು. ಬೋರ್ ನೀರು, ಮಳೆ ನೀರು, ಬ್ಯಾಟರಿಗೆ ಹಾಕುವ ಶುದ್ಧ ನೀರು ಮೂರನ್ನೂ ಸ್ಟೀಲ್ ತಟ್ಟೆಯಲ್ಲಿ ಇಂಗಿಸಿದೆ. ಬೋರ್ ನೀರಿನ ತಟ್ಟೆಯಲ್ಲಿ ಉಗುರಿನಿಂದ ಕೆರೆದರೂ ಹೋಗದ ಬಿಳಿ ಪದರ. ಮೀಟರಿನಲ್ಲಿ ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಉಪ್ಪಿನಂಶ, 900ರ ಆಸುಪಾಸು ಇತ್ತು, ಮಳೆ ನೀರಲ್ಲಿ 20 ಕೂಡ ಇರಲಿಲ್ಲ. ಆದರೂ ಗಿರಾಕಿಗಳ ಗಾಡಿಗೆ ಬ್ಯಾಟರಿ ನೀರನ್ನೇ ಹಾಕುತ್ತೇನೆ.

ಇನ್ನೊಂದು ಪ್ರಯೋಗ. ಕೂಲೆಂಟ್ ಜಾಸ್ತಿ ಹಾಕಿದರೆ ಜಾಸ್ತಿ ತಂಪು ಅಂತ ಬಹಳ ಜನ ನಂಬಿದ್ದಾರೆ. ನೂರಕ್ಕೆ 70 ಪಾಲು ಹಾಕಿ, ಎಂಜಿನ್ ಬಿಸಿ ಓದುವ ಸ್ಕ್ಯಾನರ್ ಸಿಕ್ಕಿಸಿ ಅದೇ ಏರು ಹತ್ತಿದೆ. 40 ಪಾಲಿಗಿಂತ ನಾಲ್ಕೈದು ಡಿಗ್ರಿ ಜಾಸ್ತಿಯೇ ತೋರಿಸಿತು. ಶಾಖ ಹೊರುವುದರಲ್ಲಿ ನೀರೇ ಮೇಲು. ಕೂಲೆಂಟ್ ಬೇಕಾಗಿರುವುದು ತುಕ್ಕು ತಡೆಯಲು, ಕುದಿಯುವ ಮಟ್ಟ ಏರಿಸಲು. ಹೆಪ್ಪುಗಟ್ಟುವ ಚಳಿ ನಮ್ಮಲ್ಲಿ ಎಲ್ಲಿದೆ? 40 ಸಾಕು. ಹಸಿರಿಗೆ ಕೆಂಪು ಬೆರೆಸುವುದು ಮಾತ್ರ ಬೇಡ. ಒಂದೇ ಬಣ್ಣ ಅಂದ ಮಾತ್ರಕ್ಕೆ ಒಂದೇ ಮಾಲು ಅಂತಲೂ ಅಲ್ಲ.

ಕೂಲೆಂಟ್ ತುಂಬಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿ ತೆಗೆಯುವುದಕ್ಕೆ ಎರಡು ದಿನ ಒದ್ದಾಡಿದೆ. ಮುಂದಿನ ಚಕ್ರ ಏರಿನ ಮೇಲೆ, ಹೀಟರ್ ಫುಲ್, ಹೋಸ್ ಹಿಂಡುವುದು, ಇವೆಲ್ಲ ಮೆಕ್ಯಾನಿಕ್‌ಗಳಿಗೆ ಗೊತ್ತಿರುವುದೇ. ಹೀಟರ್ ಪೈಪಿನ ಬಳಿ ಕೊನೆಗೆ ಉಳಿಯುವ ಆ ಒಂದು ಗುಳ್ಳೆಯನ್ನು ಹೇಗೆ ಹೊರಡಿಸಿದೆ ಅನ್ನುವುದನ್ನು ಇಲ್ಲಿ ಬರೆಯಲ್ಲ. ಗ್ಯಾರೇಜಿಗೆ ಬಂದರೆ ತೋರಿಸುತ್ತೇನೆ.

ಪ್ರಯೋಗದ ಖರ್ಚು ಬಿಟ್ಟರೆ ಒಟ್ಟು ಐದೂವರೆ ಸಾವಿರದ ಒಳಗೇ ಮುಗಿಯಿತು. ಭಾವ ಈಗ ಒಂದೂವರೆ ಲಕ್ಷಕ್ಕೆ ಕೇಳುತ್ತಿದ್ದಾರೆ, ಕೊಟ್ಟಿಲ್ಲ. ಓವರ್‌ಫ್ಲೋ ಬಾಟಲಿ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದಿದ್ದೇನೆ. ಬೆಳಿಗ್ಗೆ ತಣ್ಣಗಿದ್ದಾಗ ಕೂಲೆಂಟ್ ಇನ್ನೂ ಅದೇ ಗೆರೆಯಲ್ಲಿದೆ. ಹೀಟರ್ ಹೋಸ್ ಸ್ವಲ್ಪ ಗಟ್ಟಿಯಾಗಿದೆ, ದೀಪಾವಳಿ ಒಳಗೆ ಅದನ್ನೂ ಬದಲಾಯಿಸಬೇಕು.