ಡಿಸ್ಕ್ ಗಾಲ್ಫ್‌ಗೆ ಚೆಂದದ ಜಾಗ ಬೇಕಾದರೆ ಹೀಗೆ ಕೇಳಿ
ತಟ್ಟೆಯಂಥ ಡಿಸ್ಕನ್ನು ಎಸೆದು, ಆದಷ್ಟು ಕಡಿಮೆ ಎಸೆತದಲ್ಲಿ ಗುರಿ ಮುಟ್ಟಿಸುವ ಆಟವೇ ಡಿಸ್ಕ್ ಗಾಲ್ಫ್, ಅದನ್ನು ಆಡುವ ಜಾಗಕ್ಕೆ ಕೋರ್ಸ್ ಅನ್ನುತ್ತಾರೆ. ಹೊಸ ಊರಿಗೆ ಹೋದಾಗ ಅಲ್ಲಿನ ಡಿಸ್ಕ್ ಗಾಲ್ಫ್ ಆಟಗಾರರ ಹತ್ತಿರ "ಯಾವ ಕೋರ್ಸ್ ಒಳ್ಳೆಯದು?" ಅಂತ ಕೇಳಬೇಡಿ. "ನೆಂಟರು ಬಂದರೆ ಆಡೋಕೆ ಎಲ್ಲಿಗೆ ಕರ್ಕೊಂಡು ಹೋಗ್ತೀರಿ, ಎಷ್ಟು ಹೊತ್ತಿಗೆ?" ಅಂತ ಕೇಳಿ. ಮೊದಲ ಪ್ರಶ್ನೆಗೆ ಹೆಚ್ಚಾಗಿ ಕಷ್ಟದ ಕೋರ್ಸಿನ ಹೆಸರು ಬರುತ್ತದೆ. ಎರಡನೆಯದಕ್ಕೆ ಅವರು ಮನಸಾರೆ ಮೆಚ್ಚಿದ ಜಾಗ ಹೇಳುತ್ತಾರೆ. ಆಟಗಾರರು ಕೋರ್ಸ್‌ಗಳಿಗೆ ಸ್ಟಾರ್ ಕೊಡುವ ಯೂಡಿಸ್ಕ್ ಆ್ಯಪ್‌ನ ಸ್ಟಾರ್ ನೋಡಿದರೆ ಇದು ಗೊತ್ತಾಗುವುದಿಲ್ಲ. ಹೊತ್ತು ಕೇಳುವುದಂತೂ ತುಂಬಾ ಮುಖ್ಯ. ನಮ್ಮ ಕಾರವಾರದ ಕಡಲತೀರವನ್ನೇ ನೋಡಿ, ಬೆಳಿಗ್ಗೆ ಗಾಳಿ ಕಡಿಮೆ, ಮಧ್ಯಾಹ್ನ ಕಡಲ ಗಾಳಿ ಜೋರು. ಬಲಗೈಯವರು ಬ್ಯಾಕ್‌ಹ್ಯಾಂಡ್‌ನಲ್ಲಿ, ಅಂದರೆ ಕೈಯನ್ನು ಎದೆಗೆ ಅಡ್ಡ ತಂದು ಹೊರಕ್ಕೆ ಬೀಸಿ, ಎದುರುಗಾಳಿಗೆ ಎಸೆದ ಹಗುರ ಡಿಸ್ಕ್ ಮಗುಚಿಕೊಂಡು ಬಲಕ್ಕೆ, ಒಮ್ಮೊಮ್ಮೆ ಸೀದಾ ನೀರಿಗೇ ಹೋಗುತ್ತದೆ. ಡಿಸ್ಕ್‌ಗಳಲ್ಲಿ ಹೆಚ್ಚಿನವು ಮುಳುಗುವಂಥವೇ, ಆಮೇಲೆ ಸಿಗುವುದು ಕಷ್ಟ. ಇಳಿತದ ಹೊತ್ತಿಗೆ ಒದ್ದೆ ಮರಳು ಗಟ್ಟಿಯಾಗಿರುತ್ತದೆ, ಓಡಿ ಬಂದು ಎಸೆಯಲು ಕಾಲು ಹೂತುಹೋಗುವುದಿಲ್ಲ. ಡಿಸ್ಕ್ ಬೀಳಿಸುವ ಸರಪಳಿಯ ಬುಟ್ಟಿ, ಅಂದರೆ ಬಾಸ್ಕೆಟ್, ಇಲ್ಲವೆಂದು ಸುಮ್ನೆ ಕೂರಬೇಡಿ, ಗಾಳಿ ಮರದ ಬೊಡ್ಡೆಗೇ ಗುರಿ ಇಡಿ. ಈ ಆಟವನ್ನು ಮೊದಮೊದಲು ಆಡಿದ್ದೂ ಮರ, ಕಂಬಗಳನ್ನೇ ಗುರಿ ಮಾಡಿಕೊಂಡು. ಮಳೆಗಾಲದಲ್ಲಿ ಮಾತ್ರ ಹೀಗೆ ಕೇಳುವ ಉಪಾಯ ನಡೆಯುವುದಿಲ್ಲ, ಬೇಸಿಗೆಯ ನೆನಪಿನಲ್ಲಿ ಹೇಳಿದ ಜಾಗಕ್ಕೆ ಅಲೆ ಬಂದಿರುತ್ತದೆ. ದಡದಲ್ಲಿ ಮೀನುಗಾರರು ರಂಪಣಿ ಬಲೆ ಎಳೆಯುತ್ತಿದ್ದರೆ ದಯವಿಟ್ಟು ಅತ್ತ ಎಸೆಯಬೇಡಿ, ಅವರ ಕೆಲಸ ಮುಗಿಯಲಿ.