ಬೆಕ್ಕಿಗೆ ಹಿತ್ತಲಲ್ಲೊಂದು ಮರಳುಗುಂಡಿ

ಮೆಂತ್ಯ ಬಿತ್ತಿ ನಾಲ್ಕು ದಿನವಾಗಿರುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಪಾತಿಯ ನಡುವೆ ಅಂಗೈಯಗಲ ಮಣ್ಣು ಗುಡ್ಡೆಯಾಗಿದೆ, ಮೊಳಕೆಗಳು ಬೇರು ಮೇಲೆ ಮಾಡಿ ಬಿದ್ದಿವೆ, ವಾಸನೆಯೂ ಬರುತ್ತಿದೆ. ಕೋಲು ಹಿಡಿದು ಓಡಿಸಿದರೆ ಬೆಕ್ಕು ನೀವು ಮಲಗಿದ ಮೇಲೆ ಬರುತ್ತದೆ, ಅಷ್ಟೇ. ನೀವು ಅಗೆದು, ಹೆಂಟೆ ಒಡೆದು, ಹದ ಮಾಡಿದ ಮಡಿಗಿಂತ ಅನುಕೂಲವಾದ ಜಾಗ ಆ ಸುತ್ತಿನಲ್ಲಿ ಅದಕ್ಕೆ ಇನ್ನೊಂದಿಲ್ಲ. ಆದ್ದರಿಂದ ಮೊದಲು ಅದಕ್ಕೆ ಇನ್ನೂ ಒಳ್ಳೆಯ ಜಾಗ ಮಾಡಿಕೊಡಬೇಕು, ನಿಮ್ಮ ಜಾಗಕ್ಕೆ ತಡೆ ಹಾಕುವುದು ಆಮೇಲೆ. ಬಹಳ ಮನೆಗಳಲ್ಲಿ ಇದನ್ನೇ ತಿರುವುಮುರುವು ಮಾಡುತ್ತಾರೆ. ಆಗ ಬೆಕ್ಕು ಪಕ್ಕದ ಮನೆಯ ತುಳಸಿ ಕುಂಡ ಹುಡುಕಿಕೊಳ್ಳುತ್ತದೆ, ಜಗಳ ಕಾಂಪೌಂಡ್ ದಾಟುತ್ತದೆ.

ಎರಡು ದಿನ ಸುಮ್ಮನೆ ಗಮನಿಸಿ. ಬೆಕ್ಕು ಕೂರುವ ಮುಂಚೆ ನೆಲ ಮೂಸುತ್ತದೆ, ಮುಂಗಾಲಿನಿಂದ ನಾಲ್ಕಾರು ಸಲ ಕೆರೆಯುತ್ತದೆ. ಮಣ್ಣು ಸಲೀಸಾಗಿ ಸರಿದರೆ ತಿರುಗಿ ಕೂರುತ್ತದೆ. ಉಗುರಿಗೆ ಕಲ್ಲೋ ನಾರೋ ತಂತಿಯೋ ತಗುಲಿದರೆ ಒಂದು ಗೇಣು ಸರಿದು ಮತ್ತೆ ಕೆರೆದು ನೋಡುತ್ತದೆ. ಎರಡು ಮೂರು ಕಡೆ ಹಾಗೇ ಆದರೆ ಆ ಜಾಗವನ್ನೇ ಬಿಡುತ್ತದೆ. ಮುಂದೆ ಹೇಳುವುದೆಲ್ಲ ಈ ಕೆರೆತವನ್ನೇ ನಂಬಿದ್ದು.

ಗುಂಡಿ ತೋಡುವುದು

ಬೆಕ್ಕು ಈಗ ಹೋಗುವ ಜಾಗದಿಂದ ಹತ್ತು ಅಡಿಯೊಳಗೆ, ಗೋಡೆಯ ಮರೆಯಲ್ಲಿ ಜಾಗ ಆರಿಸಿ. ಇಕ್ಕಟ್ಟಿನ ಮೂಲೆ ಬೇಡ. ನಾಯಿಯೋ ಇನ್ನೊಂದು ಬೆಕ್ಕೋ ಬಂದರೆ ಓಡಲು ಎರಡು ದಾರಿ ಕಾಣಬೇಕು, ಇಲ್ಲದಿದ್ದರೆ ಅದು ಅಲ್ಲಿ ಕೂರುವುದಿಲ್ಲ. ಅನ್ನ ಹಾಕುವ ತಟ್ಟೆಯ ಹತ್ತಿರವೂ ಬೇಡ. ಬಾವಿಯಿಂದ 50 ಅಡಿಯಾದರೂ ದೂರವಿರಲಿ.

2 ಅಡಿ ಉದ್ದ, 2 ಅಡಿ ಅಗಲ, 1 ಅಡಿ ಆಳ ತೋಡಿ. ತಳಕ್ಕೆ 4 ಇಂಚು 20 ಎಂಎಂ ಜಲ್ಲಿ, ಅದರ ಮೇಲೆ ಒಂದು ತುಂಡು ಶೇಡ್ ನೆಟ್, ಅದರ ಮೇಲೆ 6 ಇಂಚು ಮರಳು. ನೆಟ್ ಹಾಕದಿದ್ದರೆ ಮರಳು ಜಲ್ಲಿಯೊಳಗೆ ಇಳಿದು ನೀರು ಬಸಿಯುವುದೇ ನಿಲ್ಲುತ್ತದೆ. ಮರಳು ಎರಡು ಘನ ಅಡಿ ಬೇಕು, ಖಾಲಿ ಸಿಮೆಂಟ್ ಚೀಲದಲ್ಲಿ ಒಂದೂವರೆಗಿಂತ ಸ್ವಲ್ಪ ಜಾಸ್ತಿ. ಸುತ್ತ ಒಂದು ವರಸೆ ಇಟ್ಟಿಗೆ ಇಟ್ಟರೆ ಅಂಗಳದ ನೀರು ಒಳಗೆ ಹರಿಯುವುದಿಲ್ಲ.

ಮರಳಿನ ವಿಷಯದಲ್ಲಿ ಜಿಪುಣತನ ಬೇಡ. ಕಾಂಕ್ರೀಟಿಗೆ ಬಳಸುವ ಎಂ-ಸ್ಯಾಂಡ್ ಒರಟು, ಅಂಗಾಲಿಗೆ ಚುಚ್ಚುತ್ತದೆ. ಪ್ಲಾಸ್ಟರಿಂಗ್ ಎಂ-ಸ್ಯಾಂಡ್ ಆಗಬಹುದು, ಆದರೆ ಅದರಲ್ಲಿ ಕಲ್ಲಿನ ಹುಡಿ ಇರುತ್ತದೆ. ನೆನೆದು ಒಣಗಿದರೆ ಮೇಲ್ಪದರ ಗಟ್ಟಿಯಾಗುತ್ತದೆ, ಆ ದಿನದಿಂದ ಬೆಕ್ಕು ಮತ್ತೆ ಮೆಂತ್ಯದ ಪಾತಿಗೆ. ಬಕೆಟ್‌ನಲ್ಲಿ ಹಾಕಿ ಎರಡು ನೀರು ತೊಳೆದು ಒಣಗಿಸಿ ಬಳಸಿ. ಹಳೆಯ ಮನೆಗಳಲ್ಲಿ ಬೆಕ್ಕು ಬಚ್ಚಲ ಒಲೆಯ ತಣ್ಣನೆ ಬೂದಿಗೆ ಹೋಗುವುದು ಉಂಟು. ಆದರೆ ಗುಂಡಿಗೆ ಬೂದಿ ತುಂಬಬೇಡಿ, ಒದ್ದೆಯಾದರೆ ಅದು ಕ್ಷಾರ, ಅಂಗಾಲು ಉರಿಯುತ್ತದೆ.

ಮಲೆನಾಡು, ಕರಾವಳಿಯಲ್ಲಿ ಮಾಡು ಇಲ್ಲದ ಗುಂಡಿ ಜೂನ್ ಮೊದಲ ವಾರಕ್ಕೇ ಕೆಡುತ್ತದೆ. ನಾಲ್ಕು ಗೂಟ ನೆಟ್ಟು 4 ಅಡಿ ಚದರದ ಶೀಟ್ ಹಾಕಿ, ಎತ್ತರ ಎರಡೂವರೆ ಅಡಿ ಸಾಕು. ಅದಕ್ಕಿಂತ ಮೇಲೇರಿಸಿದರೆ ಇರಚಲು ಒಳಗೆ ಬಡಿಯುತ್ತದೆ.

30×40 ಸೈಟಿನಲ್ಲಿ ಮಣ್ಣೇ ಇಲ್ಲದಿದ್ದರೆ ಒಂದೂವರೆ ಅಡಿಗೆ ಎರಡು ಅಡಿಯ ಪ್ಲಾಸ್ಟಿಕ್ ಟಬ್ ಸಾಕು. ತಳದಲ್ಲಿ ನಾಲ್ಕೈದು ತೂತು ಕೊರೆದು, 4 ಇಂಚು ಮರಳು ತುಂಬಿ, ಸಜ್ಜದ ಕೆಳಗೆ ಇಡಿ. ಸಂಪಿನ ಮುಚ್ಚಳದ ಮೇಲಂತೂ ಖಂಡಿತ ಬೇಡ. ಎರಡು ಬೆಕ್ಕು ಬರುತ್ತಿದ್ದರೆ ಎರಡು ಜಾಗ ಬೇಕು. ಜೋರಿನದು ಇನ್ನೊಂದನ್ನು ಹತ್ತಿರ ಬಿಡುವುದಿಲ್ಲ.

ರೂಢಿ ಮಾಡಿಸುವುದು

ಕೈಗವಸು ಹಾಕಿಕೊಂಡು ಹಳೆಯ ಜಾಗದಿಂದ ಒಂದು ಬೊಗಸೆಯಷ್ಟು ಗಲೀಜಾದ ಮಣ್ಣನ್ನು ಸಣ್ಣ ಸಲಿಕೆಯಲ್ಲಿ ತಂದು ಹೊಸ ಮರಳಿನ ನಡುವೆ ಹುದುಗಿಸಿ. ಆ ವಾಸನೆಯೇ ಬೆಕ್ಕಿಗೆ ಗುರುತು. ಅದನ್ನು ಎತ್ತಿಕೊಂಡು ಹೋಗಿ ಮರಳಿನಲ್ಲಿ ಒತ್ತಿ ಕೂರಿಸಬೇಡಿ. ಹೆದರಿದ ಜಾಗಕ್ಕೆ ಅದು ಮತ್ತೆ ಕಾಲಿಡುವುದಿಲ್ಲ. ಎರಡು ಮೂರು ದಿನ ಮರಳು ಕೆದರಿದ ಗುರುತು ಕಂಡ ಮೇಲೆ ಹಳೆಯ ಜಾಗಕ್ಕೆ ತಡೆ ಹಾಕಿ.

ಸೊಪ್ಪಿನ ಮಡಿಗೆ ಒಂದಿಂಚು ಕಣ್ಣಿನ ಕೋಳಿ ಜಾಲರಿಯಷ್ಟು ಕೆಲಸ ಮಾಡುವ ವಸ್ತು ಇನ್ನೊಂದಿಲ್ಲ. ಬಿತ್ತಿದ ಕೂಡಲೇ ಜಾಲರಿ ಹಾಸಿ, ಅಂಚನ್ನು ಒಳಗೆ ಮಡಚಿ, ಬಗ್ಗಿಸಿದ ತಂತಿಯಿಂದ ಅಲ್ಲಲ್ಲಿ ನೆಲಕ್ಕೆ ಚುಚ್ಚಿ, ಮೇಲೆ ಅರ್ಧ ಇಂಚು ಮಣ್ಣು ಉದುರಿಸಿ. ಸಸಿ ಕಣ್ಣಿನಿಂದ ಮೇಲೆ ಬರುತ್ತದೆ, ಉಗುರು ಒಳಗೆ ಹೋಗುವುದಿಲ್ಲ. ಬದನೆ, ಮೆಣಸಿನ ಬುಡಕ್ಕೆ ಎರಡು ಇಂಚು ಅಡಿಕೆ ಸಿಪ್ಪೆಯೋ ತೆಂಗಿನ ಸಿಪ್ಪೆಯೋ ಸಾಕು. ಕುಂಡದ ಮೇಲೆ ಕರಟದ ಚೂರುಗಳನ್ನು ಕವುಚಿ ಒತ್ತೊತ್ತಾಗಿ ಜೋಡಿಸಿ. ಬರೀ ಕೋಕೋಪೀಟ್ ತುಂಬಿದ ತಾರಸಿಯ ಕುಂಡ ಬೆಕ್ಕಿಗೆ ಅಚ್ಚುಮೆಚ್ಚು, ಅದನ್ನು ಒಂದು ದಿನವೂ ತೆರೆದಿಡಬೇಡಿ.

ಮನೆ ಕಟ್ಟುತ್ತಿದ್ದರೆ ಮರಳಿನ ರಾಶಿಗೆ ಟಾರ್ಪಾಲ್ ಹೊದಿಸಿ, ಸುತ್ತಲೂ ಇಟ್ಟಿಗೆ ಹೇರಿ. ಒಂದಡಿ ತೆರೆದಿದ್ದರೂ ಬೆಕ್ಕಿಗೆ ಅಷ್ಟೇ ಸಾಕು. ಆ ರಾಶಿಯಲ್ಲಿ ಬರಿಗಾಲಿನಲ್ಲಿ ಆಡುವ ಮಕ್ಕಳಿಗೆ ಕೊಕ್ಕೆಹುಳದ ಮರಿಗಳು ಚರ್ಮದ ಮೂಲಕ ಹೊಕ್ಕು, ಹಾವು ಹರಿದ ಹಾಗೆ ಕೆಂಪು ಗೆರೆ ಎದ್ದು ವಿಪರೀತ ತುರಿಸುತ್ತದೆ.

ಬಳಸಬಾರದ್ದು

ಫಿನಾಯಿಲ್ ಬೇಡವೇ ಬೇಡ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಬೆಕ್ಕಿನ ಪಿತ್ತಜನಕಾಂಗ ಸರಿಯಾಗಿ ಒಡೆಯಲಾರದು, ಬೆಕ್ಕು ಕಾಲು ನೆಕ್ಕಿದಾಗ ವಿಷ ಒಳಗೆ ಹೋಗುತ್ತದೆ. ನುಸಿಗುಳಿಗೆ, ಕಾಫಿ ಚರಟವೂ ಹಾಗೆಯೇ ಅಪಾಯ. ಖಾರದ ಪುಡಿ ಕಣ್ಣಿಗೆ ಹೋಗಿ ನರಳಿಸುತ್ತದೆ, ಅದು ಕ್ರೌರ್ಯ. ಗೇಟಿನ ಮುಂದೆ ನೀಲಿ ನೀರಿನ ಬಾಟಲಿ ಇಟ್ಟರೆ ಏನೂ ಆಗುವುದಿಲ್ಲ. ನಿಂಬೆ ಸಿಪ್ಪೆಯ ವಾಸನೆ ಇರುವಷ್ಟು ದಿನ ಒಂದಿಷ್ಟು ತಡೆಯುತ್ತದೆ. ವಿಷ ಇಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಪ್ರಾಣಿಯನ್ನು ಕೊಲ್ಲುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಅಡಿಯಲ್ಲೂ ಶಿಕ್ಷಾರ್ಹ. ಹಿಡಿದು ದೂರ ಬಿಟ್ಟು ಬಂದರೆ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ.

ಜಗಲಿಯ ಮೇಲೆ ಉಚ್ಚೆ ಹೊಯ್ದಿದ್ದರೆ ಬ್ಲೀಚಿಂಗ್ ಪೌಡರ್ ಸುರಿಯಬೇಡಿ. ಉಚ್ಚೆಯ ಅಮೋನಿಯಾದೊಡನೆ ಸೇರಿ ಶ್ವಾಸಕೋಶ ಸುಡುವ ಅನಿಲ ಏಳುತ್ತದೆ. ಮೊದಲು ಬರೀ ನೀರಿನಲ್ಲಿ ತೊಳೆದು, ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ ಎಂಜೈಮ್ ಕ್ಲೀನರ್ ಹಾಕಿ, ಹತ್ತು ಹದಿನೈದು ನಿಮಿಷ ಒದ್ದೆಯಾಗಿಯೇ ಇರಲು ಬಿಡಿ. ಬರೀ ನೀರಿನಲ್ಲೇ ಬಿಟ್ಟರೆ ನಮ್ಮ ಮೂಗಿಗೆ ವಾಸನೆ ಹೋದರೂ ಬೆಕ್ಕಿನ ಮೂಗಿಗೆ ಹೋಗಿರುವುದಿಲ್ಲ, ಅಲ್ಲಿಗೇ ಮತ್ತೆ ಬರುತ್ತದೆ.

ಗೇಟಿನ ಕಂಬಕ್ಕೆ, ಸ್ಕೂಟರ್ ಚಕ್ರಕ್ಕೆ ನಿಂತೇ, ಬಾಲ ನೆಟ್ಟಗೆ ಎತ್ತಿ ನಡುಗಿಸುತ್ತಾ ಸಿಂಪಡಿಸುವುದು ಬೇರೆಯೇ ವಿಷಯ. ಅದು ಗಡಿ ಗುರುತು. ಅದಕ್ಕೆ ಮರಳುಗುಂಡಿ ಉತ್ತರವಲ್ಲ, ಸಂತಾನಹರಣ ಶಸ್ತ್ರಚಿಕಿತ್ಸೆ. ಮಾಡಿಸಿದ ಮೇಲೆ ಬಹುಪಾಲು ಗಂಡು ಬೆಕ್ಕುಗಳು ಈ ಚಾಳಿ ಬಿಡುತ್ತವೆ. ನಾಲ್ಕರಿಂದ ಆರು ತಿಂಗಳ ವಯಸ್ಸಿನಲ್ಲಿ, ಚಾಳಿ ಹತ್ತುವ ಮೊದಲೇ ಮಾಡಿಸಿದರೆ ಇನ್ನೂ ಒಳ್ಳೆಯದು.

ದಿನದ ಕೆಲಸ

ದಿನಕ್ಕೊಮ್ಮೆ ಜರಡಿ ಸೌಟಿನಲ್ಲಿ ಎತ್ತಲೇಬೇಕು. ಗಲೀಜು ಹೆಚ್ಚಾದರೆ ಬೆಕ್ಕೇ ಜಾಗ ಬಿಡುತ್ತದೆ ಎನ್ನುವುದು ಒಂದು ಕಾರಣ. ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಇನ್ನೊಂದು. ಸೋಂಕಿರುವ ಬೆಕ್ಕಿನ ಮಲದಲ್ಲಿ ಬರುವ ಇದರ ಕೋಶಗಳು ಸೋಂಕು ಹರಡುವಷ್ಟು ಬಲಿಯಲು ಒಂದರಿಂದ ಐದು ದಿನ ಹಿಡಿಯುತ್ತದೆ. ಅಷ್ಟರೊಳಗೆ ಎತ್ತಿದರೆ ಅಪಾಯ ಬಹಳ ಕಡಿಮೆ. ಬಸುರಿಯರು ಈ ಕೆಲಸ ಮಾಡಬಾರದು. ಎತ್ತಿದ್ದನ್ನು ತರಕಾರಿಯ ಗೊಬ್ಬರಗುಂಡಿಗೆ ಹಾಕದೆ, ಬಾವಿಯಿಂದ ದೂರ, ದಾಸವಾಳದಂಥ ಹೂಗಿಡದ ಪಕ್ಕ ಒಂದಡಿ ಆಳದಲ್ಲಿ ಹೂಳಿ. ತಿಂಗಳಿಗೊಮ್ಮೆ ಮೇಲಿನ ಎರಡು ಇಂಚು ಮರಳು ಬದಲಿಸಿ, ಮೂರ್ನಾಲ್ಕು ತಿಂಗಳಿಗೊಮ್ಮೆ ಪೂರ್ತಿ.

ಮರಳು ಎತ್ತುವಾಗ ಕಣ್ಣಿಟ್ಟಿರಿ. ಗಂಡು ಬೆಕ್ಕು ಮೇಲಿಂದ ಮೇಲೆ ಬಂದು ಕೂತು, ಮುಕ್ಕಿ, ಒಂದು ಹನಿಯೂ ಬಾರದೆ ಎದ್ದು ಹೋಗುತ್ತಿದ್ದರೆ ಅದರ ಮೂತ್ರನಾಳ ಕಟ್ಟಿಕೊಂಡಿರಬಹುದು. ಒಂದೆರಡು ದಿನದಲ್ಲೇ ಜೀವ ಹೋಗುತ್ತದೆ. ನಾಳೆ ನೋಡೋಣ ಎನ್ನದೆ ಆ ಹೊತ್ತಿಗೇ ಪಶುವೈದ್ಯರ ಬಳಿ ಒಯ್ಯಿರಿ.