ಕಿವಿ ಉರಿಯುವವಳ ಮನೆಯಲ್ಲಿ ಎರಡು ಮಕ್ಕಳು: ನನ್ನ ಅನುಭವ

ಪುಟ್ಟ ಮಕ್ಕಳಿರುವ ಮನೆಯಲ್ಲಿ, ಮಾಮೂಲು ಸದ್ದಿಗೂ ಕಿವಿ ನೋಯುವ ಕಾಯಿಲೆಯಾದ ನೋವಿನ ಹೈಪರ್‌ಅಕ್ಯುಸಿಸ್ ಸುಧಾರಿಸುವುದಿಲ್ಲ ಎಂದು ನನಗೆ ಹೇಳಿದವರಲ್ಲಿ ನಮ್ಮಂತೆಯೇ ನರಳುವವರೇ ಹೆಚ್ಚು. ಮಕ್ಕಳನ್ನು ತವರಿಗೆ ಕಳಿಸಿ ಒಂದು ವರ್ಷ ಮೌನದಲ್ಲಿರು ಎಂದರು ಕೆಲವರು. ಕಿವಿಯೊಳಗೆ ತುರುಕುವ ಪ್ಲಗ್ಗು, ಕಿವಿಯನ್ನು ಹೊರಗಿನಿಂದ ಮುಚ್ಚುವ ಮಫ್ಫು ಎಲ್ಲವನ್ನೂ ಕಿತ್ತೆಸೆದು ಸದ್ದಿಗೆ ಒಗ್ಗಿಕೋ ಎಂದರು ಇನ್ನು ಕೆಲವರು. ಅತ್ತೆಯವರು ಇಬ್ಬರ ಮಾತನ್ನೂ ಕೇಳದೆ ದೃಷ್ಟಿ ತೆಗೆದರು. ನಾನು ಮೂವರನ್ನೂ ಬಿಟ್ಟು ನನ್ನದೇ ದಾರಿ ಹಿಡಿದೆ. ಮೂರು ವರ್ಷಗಳ ಹಿಂದೆ ಸೊಂಟದ ಮೇಲಿದ್ದ ಮಗಳು ಒಮ್ಮೆ ಕಿರುಚಿದರೆ ಸಾಕು, ಎಡಗಿವಿಯಿಂದ ದವಡೆಯವರೆಗೆ ಹತ್ತಿದ ಉರಿ ಮರುದಿನ ಸಂಜೆಯಾದರೂ ಇಳಿಯುತ್ತಿರಲಿಲ್ಲ. ಈಗ ಅವಳು ಅಡುಗೆಮನೆಯ ಬಾಗಿಲಲ್ಲಿ ಕುಳಿತು ರಂಪ ಮಾಡುತ್ತಿದ್ದರೂ ನಾನು ಮುದ್ದೆ ತಿರುವುತ್ತಿರುತ್ತೇನೆ. ಪೂರ್ತಿ ವಾಸಿಯಾಗಿಲ್ಲ. ಬದುಕು ಕೈಗೆ ಬಂದಿದೆ.

ಕಾರಣ ದೊಡ್ಡದೇನಲ್ಲ, ಮದುವೆಯ ಮೆರವಣಿಗೆಯೊಂದರಲ್ಲಿ ಕಾಲ ಬಳಿಯೇ ಹಚ್ಚಿದ ಸರಪಟಾಕಿ. ನಮ್ಮದು ತುಮಕೂರಿನ ಬಿ.ಎಚ್. ರಸ್ತೆಯಿಂದ ಎರಡು ಅಡ್ಡರಸ್ತೆ ಒಳಗಿನ ಬಾಡಿಗೆ ಮನೆ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಅಡುಗೆಮನೆಗೆ ಗ್ರಾನೈಟ್, ಕಿಟಕಿಗಳಿಗೆ ತೆಳು ಪರದೆ. ನೋಡುವುದಕ್ಕೆ ಚೆಂದ. ಒಂದು ಲೋಟ ಬಿದ್ದರೆ ಮಾತ್ರ ಮನೆಯಿಡೀ ಮೊಳಗುತ್ತದೆ.

ಮೊದಲು ಹಾಳಾದ ದುಡ್ಡಿನ ಕಥೆ. ಶಬ್ದ ತಗ್ಗಿಸುವ ಎಲೆಕ್ಟ್ರಾನಿಕ್ ಹೆಡ್‌ಫೋನಿಗೆ ಹನ್ನೊಂದೋ ಹನ್ನೆರಡೋ ಸಾವಿರ ಸುರಿದೆ. ಬಸ್ಸಿನ ಎಂಜಿನ್, ಫ್ರಿಜ್ಜಿನ ಗುಂಯ್‌ಗುಡುವಿಕೆಗೆ ಅದು ಸೊಗಸು. ಮಗುವಿನ ಕಿರುಚು ದಿಢೀರನೆ ಏರುವ ತಾರಸ್ಥಾಯಿಯ ಸದ್ದು, ಅದರ ಮುಂದೆ ಆ ಯಂತ್ರದ ಆಟ ನಡೆಯದು. ನಂತರ ರಸ್ತೆಯ ಹಾರ್ನು ತಡೆಯಲೆಂದು ಗೋಡೆಗೆ ಫೋಮ್ ಹಾಳೆ ಅಂಟಿಸಿದೆ, ಐದಾರು ಸಾವಿರ. ಫೋಮ್ ಒಳಗಿನ ಮಾರ್ದನಿಯನ್ನು ಹೀರುತ್ತದೆಯೇ ಹೊರತು ಹೊರಗಿನ ಸದ್ದನ್ನು ತಡೆಯುವುದಿಲ್ಲ, ತಡೆಯಲು ತೂಕ ಬೇಕು. ಅಂಗಡಿಯವನು ಇದನ್ನು ಹೇಳಲಿಲ್ಲ, ಏಕೆ ಹೇಳುತ್ತಾನೆ! ಮಗ ಅದನ್ನು ತುಂಡು ತುಂಡಾಗಿ ಕಿತ್ತು ಆಟದ ಲಾರಿಗೆ ಸರಕು ತುಂಬಿದ. ಕಿವಿಯ ಅಚ್ಚು ತೆಗೆಸಿ ಮಾಡಿಸಿದ ಪ್ಲಗ್ ಜೋಡಿಗೆ ಸುಮಾರು ಏಳು ಸಾವಿರ. ಅದು ಒಳ್ಳೆಯ ಸಾಮಾನೇ, ಆದರೆ ನೆಟ್ಟಗೆ ಕೂರಿಸಲು ಅರ್ಧ ನಿಮಿಷ ಬೇಕು. ಅಳುವ ಮಗು ಅರ್ಧ ನಿಮಿಷ ಕೊಡುವುದಿಲ್ಲ.

ಹಳದಿ ಫೋಮ್ ಪ್ಲಗ್ಗನ್ನು ಬೆಳಗಿನಿಂದ ರಾತ್ರಿಯವರೆಗೆ ತುಂಬಿಕೊಂಡಿದ್ದ ತಿಂಗಳುಗಳು ಇನ್ನೂ ಕೆಟ್ಟವು. ಕೊನೆಕೊನೆಗೆ ಹಾಲಿನ ಪ್ಯಾಕೆಟ್ ಕತ್ತರಿಸುವ ಸರಸರವೂ ಚುಚ್ಚತೊಡಗಿತು. ಕುಣಿಗಲ್, ಮದ್ದೂರಿನ ಮೇಲೆ ಬಸ್ಸು ಹಿಡಿದು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋದಾಗ ಅಲ್ಲಿ ತಾಳ್ಮೆಯಿಂದ ವಿವರಿಸಿದರು. ಫಾರ್ಮ್‌ಬಿ ಎಂಬ ಅಮೆರಿಕದ ಶ್ರವಣ ಸಂಶೋಧಕರು ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಅದು: ಸರಿಯಾಗಿ ಕೇಳಿಸುವ ಜನರಿಗೇ ಎರಡು ವಾರ ಪ್ಲಗ್ ಹಾಕಿಸಿದರೆ ಅವರಿಗೆ ಸದ್ದು ಮೊದಲಿಗಿಂತ ಜೋರಾಗಿ ಕೇಳತೊಡಗಿತು, ಸದಾ ಮೆಲುಸದ್ದು ಹೊರಡಿಸುವ ಯಂತ್ರವನ್ನು ಕಿವಿಗೆ ಹಾಕಿಸಿದವರಿಗೆ ಮೊದಲಿಗಿಂತ ಮೆಲ್ಲಗೆ. ನನ್ನ ಅನುಭವಕ್ಕೆ ಇದು ತಾಳೆಯಾಯಿತು. ಅಂದ ಹಾಗೆ, ಪರೀಕ್ಷೆಗೆ ಹೋಗುವವರು ಸದ್ದಿಗೆ ಕಿವಿಯ ಸ್ನಾಯು ಬಿಗಿಯುತ್ತದೆಯೇ ಎಂದು ನೋಡುವ ರಿಫ್ಲೆಕ್ಸ್ ಪರೀಕ್ಷೆ ಬೇಡವೆಂದು ಮೊದಲೇ ಹೇಳಿಬಿಡಿ. ಅದರಲ್ಲಿ ಕಿವಿಯೊಳಗೆ ಜೋರಾದ ಸದ್ದು ಬಿಡುತ್ತಾರೆ. ಎಲ್‌ಡಿಎಲ್ (ಸದ್ದು ಸಹಿಸಲಾಗದಂತಾಗುವ ಮಟ್ಟ) ಅಳೆಯುವಾಗಲೂ ತೀರಾ ಕೆಳಗಿನಿಂದ ಶುರುಮಾಡಲು ಕೇಳಿಕೊಳ್ಳಿ. ಆಗ ನನ್ನದು ಅರವತ್ತು ಡೆಸಿಬಲ್ ಆಸುಪಾಸಿನಲ್ಲಿತ್ತು. ಮಾಮೂಲು ಆಡಿಯೊಗ್ರಾಂ, ಅಂದರೆ ಕಿವಿಗೆ ಎಷ್ಟು ಕೇಳುತ್ತದೆಂಬ ನಕ್ಷೆ, ಮಾತ್ರ ಎಲ್ಲವೂ ಸರಿ ಎನ್ನುತ್ತಿತ್ತು. ಅದನ್ನು ಹಿಡಿದುಕೊಂಡೇ ಹಿಂದೊಮ್ಮೆ ಇನ್ನೊಬ್ಬ ವೈದ್ಯರು ನನ್ನನ್ನು ಮನೋವೈದ್ಯರ ಬಳಿಗೆ ಸಾಗಹಾಕಿದ್ದರು.

ಮೌನವೂ ಬೇಡ, ಪೆಟ್ಟೂ ಬೇಡ ಎಂದಾದಮೇಲೆ ಉಳಿದದ್ದು ಲೆಕ್ಕ ಹಾಕುವ ಕೆಲಸ. ಮೊಬೈಲಿನಲ್ಲಿ ಡೆಸಿಬಲ್ ತೋರಿಸುವ ಉಚಿತ ಆ್ಯಪ್ ಹಾಕಿಕೊಂಡು ಮನೆಯ ಸದ್ದುಗಳನ್ನೆಲ್ಲ ಅಳೆದೆ. ಆ್ಯಪ್ ತೋರಿಸುವ ಅಂಕಿಯನ್ನು ನಂಬಬೇಡಿ, ಎರಡು ಸದ್ದುಗಳ ನಡುವಿನ ವ್ಯತ್ಯಾಸವನ್ನು ನಂಬಬಹುದು. ಆಗ ಕಂಡದ್ದು ಯಾರೂ ನನಗೆ ಹೇಳದ ಸಂಗತಿ: ದಿನದ ಪೆಟ್ಟುಗಳಲ್ಲಿ ಮಕ್ಕಳ ಗಂಟಲಿನ ಪಾಲು ಅರ್ಧವೂ ಇಲ್ಲ. ಉಳಿದದ್ದು ಸ್ಟೀಲ್ ತಟ್ಟೆ, ಕುಕ್ಕರ್, ಮಿಕ್ಸಿ, ಕುರ್ಚಿ ಎಳೆಯುವುದು, ಬಾಗಿಲು ಬಡಿಯುವುದು, ಕಾಲಿಂಗ್ ಬೆಲ್. ಮಗುವಿನ ಗಂಟಲನ್ನು ಮುಚ್ಚಿಸುವಂತಿಲ್ಲ, ಮನೆಯ ಬಾಯಿ ಮುಚ್ಚಿಸಬಹುದಲ್ಲ! ಈ ಮಾತಿಗೆ ಯಜಮಾನರೂ ನಕ್ಕರು.

ಸ್ಟೀಲ್ ತಟ್ಟೆಗಳನ್ನು ಅಟ್ಟಕ್ಕೆ ಏರಿಸಿ ಅಡಿಕೆ ಹಾಳೆಯ ತಟ್ಟೆ ತಂದೆ, ಸಗಟಿನಲ್ಲಿ ಒಂದಕ್ಕೆ ಮೂರು ನಾಲ್ಕು ರೂಪಾಯಿ. ನಿಮ್ಮ ಮನೆಯಲ್ಲಿ ದಿನಾ ಮದುವೆಯೂಟ ಎಂದು ಪಕ್ಕದ ಮನೆಯವರು ಆಡಿಕೊಂಡರು. ಲೋಟ, ಚೊಂಬುಗಳಿಗೆ ಹಳೆಯ ಸೈಕಲ್ ಟ್ಯೂಬು. ಟ್ಯೂಬನ್ನು ಎರಡು ಬೆರಳಗಲಕ್ಕೆ ಅಡ್ಡಡ್ಡ ಕತ್ತರಿಸಿ, ಉಂಗುರವನ್ನು ಹಿಗ್ಗಿಸಿ ಲೋಟದ ಬುಡಕ್ಕೆ ಏರಿಸಬೇಕು, ಒಂದು ಎಳೆಯಷ್ಟು ಕೆಳಗೆ ಇಳಿಬಿಡಬೇಕು. ಗ್ರಾನೈಟ್ ಮೇಲೆ ಕುಕ್ಕಿದರೂ ಠಣ್ ಎನ್ನುವುದಿಲ್ಲ. ಪಂಕ್ಚರ್ ಅಂಗಡಿಯವನು ದುಡ್ಡು ಮುಟ್ಟಲಿಲ್ಲ. ವಾರಕ್ಕೊಮ್ಮೆ ಉಂಗುರ ಬಿಚ್ಚಿ ತೊಳೆಯದಿದ್ದರೆ ವಾಸನೆ ಬರುತ್ತದೆ, ಅಷ್ಟೇ ತಾಪತ್ರಯ.

ಕುಕ್ಕರಿಗೆ ಯಾವ ಸಾಮಾನೂ ಬೇಡ. ಆವಿ ಕಟ್ಟಿ ತೂಕದ ಕೆಳಗೆ ಸುಯ್‌ಗುಟ್ಟಲು ಶುರುವಾದ ಕೂಡಲೇ ಉರಿಯನ್ನು ತೀರಾ ಸಣ್ಣಗೆ ಮಾಡಿ ಗಡಿಯಾರ ನೋಡಿ. ತೊಗರಿಬೇಳೆ ಹತ್ತು ಹನ್ನೆರಡು ನಿಮಿಷಕ್ಕೆ ಬೇಯುತ್ತದೆ, ಕೂಗುವುದೇ ಇಲ್ಲ. ಮೂರು ಕೂಗು ಎಣಿಸದೆ ಬೇಳೆ ಬೆಂದೀತೇ ಎಂದ ಅತ್ತೆಯವರು ಈಗ ತಮ್ಮ ಮನೆಯಲ್ಲೂ ಹಾಗೆಯೇ ಬೇಯಿಸುತ್ತಾರೆ, ಗ್ಯಾಸ್ ಉಳಿಯುತ್ತದೆಯಂತೆ. ಮಿಕ್ಸಿಯನ್ನು ನಾಲ್ಕು ಮಡಿಕೆ ಕಂಬಳಿಯ ಮೇಲಿಟ್ಟು ಹಿಂದಿನ ಬಾಲ್ಕನಿಗೆ ಗಡೀಪಾರು ಮಾಡಿದೆ. ಚಟ್ನಿಗೆ ಒರಳು.

ನೆಲದ ವಿಷಯದಲ್ಲಿ ಒಂದು ಪಂದ್ಯವೇ ನಡೆಯಿತು. ತೆಂಗಿನ ನಾರಿನ ಚಾಪೆ ತಿಪಟೂರಿನ ಕಡೆಯಿಂದ, ಉಣ್ಣೆ ಕಂಬಳಿ ಚಳ್ಳಕೆರೆಯಿಂದ, ಪ್ಲಾಸ್ಟಿಕ್ ಕಾರ್ಪೆಟ್ ಎಂ.ಜಿ. ರಸ್ತೆಯಿಂದ. ನಾನು ಹೊರಗೆ ಹೋದ ಮೇಲೆ ಯಜಮಾನರು ಒಂದೊಂದನ್ನೇ ಹಾಸಿ ಚಪ್ಪಾಳೆ ತಟ್ಟಿ, ಸ್ಟೀಲ್ ಲೋಟ ಬೀಳಿಸಿ ಮೊಬೈಲಿನಲ್ಲಿ ಧ್ವನಿಮುದ್ರಿಸಿದರು. ಬಿದ್ದ ಸದ್ದನ್ನು ನುಂಗುವುದರಲ್ಲಿ ನಾರಿನ ಚಾಪೆ ಗೆದ್ದಿತು, ಮಾರ್ದನಿ ಹೀರುವುದರಲ್ಲಿ ಗೋಡೆಗೆ ಇಳಿಬಿಟ್ಟ ಕಂಬಳಿ. ಕಾರ್ಪೆಟ್ ಎರಡಕ್ಕೂ ಬರಲಿಲ್ಲ. ಚಾಪೆ ಮತ್ತು ಕಂಬಳಿಗೆ ಒಟ್ಟು ನಾಲ್ಕು ಸಾವಿರವಾಗಿರಬೇಕು. ನಾರಿನ ಚಾಪೆ ಅಂಬೆಗಾಲಿಡುವ ಮಗುವಿನ ಮೊಣಕಾಲನ್ನು ತರಚುತ್ತದೆ, ಮೇಲೊಂದು ಹಳೆಯ ಸೀರೆಯ ಕೌದಿ ಬೇಕು. ಆಟದ ಸಾಮಾನಿನ ಸ್ಪೀಕರ್ ತೂತುಗಳ ಮೇಲೆ ಪ್ಯಾಕಿಂಗ್ ಟೇಪು ಮೂರು ಪದರ ಅಂಟಿಸಿದರೆ ಸದ್ದು ಹತ್ತು ಡೆಸಿಬಲ್ಲಿನಷ್ಟು ಇಳಿಯುತ್ತದೆ. ಮಕ್ಕಳಿಗೆ ಗೊತ್ತೂ ಆಗುವುದಿಲ್ಲ.

ಇನ್ನು ಮಕ್ಕಳು. ಮಫ್ ಒಂದಿದ್ದರೆ ಪ್ರಯೋಜನವಿಲ್ಲ, ಬೇಕೆಂದಾಗ ಅದು ಇನ್ನೊಂದು ಕೋಣೆಯಲ್ಲಿರುತ್ತದೆ. ಕಾರ್ಖಾನೆಯವರು ಬಳಸುವ ಮಫ್‌ಗಳನ್ನೇ ಮೂರು ತರಿಸಿ, ಮಲಗುವ ಕೋಣೆ, ನಡುಮನೆ, ಅಡುಗೆಮನೆಯಲ್ಲಿ ನನ್ನ ಭುಜದ ಎತ್ತರಕ್ಕೆ ಮೊಳೆ ಹೊಡೆದು ನೇತುಹಾಕಿದೆ. ಒಂದೊಂದಕ್ಕೆ ಒಂದೂವರೆ ಸಾವಿರದ ಮೇಲಾಯಿತು. ಮೊದಲು ಮಫ್, ಆಮೇಲೆ ಮಗು. ಮಗು ಸುಮ್ಮನಾದೊಡನೆ ಮಫ್ ಮೊಳೆಗೆ. ಇದರಲ್ಲಿ ರಾಜಿಯಿಲ್ಲ, ಹತ್ತು ನಿಮಿಷ ಹೆಚ್ಚು ಇಟ್ಟುಕೊಳ್ಳೋಣ ಎಂಬ ಆಸೆಯೇ ಮತ್ತೆ ಹಳೆಯ ಗುಂಡಿಗೆ ಎಳೆಯುತ್ತದೆ.

ಎತ್ತಿಕೊಳ್ಳುವ ಬಗೆಯನ್ನೂ ಬದಲಿಸಿದೆ. ಎಡ ಸೊಂಟದ ಮೇಲೆ ಕೂರಿಸಿಕೊಂಡರೆ ಮಗುವಿನ ಬಾಯಿಗೂ ನನ್ನ ಎಡಗಿವಿಗೂ ಒಂದು ಗೇಣು. ಬೆನ್ನನ್ನು ನನ್ನ ಎದೆಗೆ ಒರಗಿಸಿ, ಮುಖ ಹೊರಗೆ ಮಾಡಿ ಕಿಬ್ಬೊಟ್ಟೆಯ ಮಟ್ಟದಲ್ಲಿ ಹಿಡಿದುಕೊಂಡರೆ ಅಳು ಮುಂದಕ್ಕೆ ಹೋಗುತ್ತದೆ. ಮೊಬೈಲನ್ನು ಕಿವಿಯ ಪಕ್ಕ ಹಿಡಿದು ನೋಡಿದಾಗ ಹತ್ತು ಹನ್ನೆರಡು ಡೆಸಿಬಲ್ ಕಡಿಮೆ ತೋರಿಸಿತು. ಕಾಸಿಲ್ಲದ ಉಪಾಯ, ಏಳು ಸಾವಿರದ ಪ್ಲಗ್ಗಿಗಿಂತ ಹೆಚ್ಚು ಕೆಲಸಕ್ಕೆ ಬಂದಿದೆ.

ಮಗನಿಗೆ ಶ್ ಎಂದು ಹೇಳುವುದನ್ನು ಬಿಟ್ಟೆ, ಆ ಶ್ ನನ್ನ ಕಿವಿಗೇ ಚುಚ್ಚುತ್ತಿತ್ತು. ಬದಲಿಗೆ ನಾನು ಅಂಗೈ ಎತ್ತಿದರೆ ಅವನು ಪಿಸುಮಾತಿನಲ್ಲಿ ಒಂದು ಗುಟ್ಟು ಹೇಳಬೇಕು, ನಾನು ಅದಕ್ಕೆ ಬೆಚ್ಚಿಬೀಳಬೇಕು. ವಾರವಿಡೀ ಅದೇ ಗುಟ್ಟು, ಅಲಮಾರಿನಲ್ಲಿ ಹಲ್ಲಿ ಇದೆ ಎಂದು. ಇದಕ್ಕಿಂತ ಚೆನ್ನಾಗಿ ನಡೆಯುವ ಇನ್ನೊಂದು ಆಟವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮಗ ಈಗ ಕನ್ನಡ ಕೂಡಿಸಿ ಓದುತ್ತಾನೆ.

ಮೆಲುಸದ್ದಿಗೆ ಕಿವಿಯಲ್ಲಿಡುವ ಯಂತ್ರದ ಜೋಡಿಗೆ ಅರವತ್ತು ಸಾವಿರದ ಹತ್ತಿರ ಕೇಳಿದರು. ನಾನು ಏಳುನೂರು ರೂಪಾಯಿಯ ಪುಟ್ಟ ಸ್ಪೀಕರನ್ನು ಮಕ್ಕಳ ಹಾಸಿಗೆಯಿಂದ ದೂರದ ಮೂಲೆಯಲ್ಲಿಟ್ಟೆ. ಮಳೆಯ ಧ್ವನಿಮುದ್ರಣದಲ್ಲಿ ನಡುನಡುವೆ ಗುಡುಗಿತು. ಸಮುದ್ರದ ಅಲೆ ಏರಿಳಿಯುವುದರಿಂದ ಮುಂದಿನ ಏರಿಗೆ ಕಿವಿ ಕಾದು ಕೂರುತ್ತಿತ್ತು. ಗುಬ್ಬಿ ಊರಿನ ನನ್ನ ತವರಿನ ಅಡಿಕೆ ತೋಟದ ಕಾಲುವೆ ನೀರನ್ನು ನಾನೇ ಮುದ್ರಿಸಿಕೊಂಡು ಬಂದರೆ ಅದರಲ್ಲಿ ನವಿಲು ಕೂಗಿಬಿಟ್ಟಿತು. ಕೊನೆಗೆ ಸಮನಾಗಿ ಹರಿಯುವ ಮೊರೆತದಂಥ ಸದ್ದಾದ ಪಿಂಕ್ ನಾಯ್ಸ್‌ಗೆ ಕಾಲುವೆಯ ನವಿಲಿಲ್ಲದ ತುಣುಕನ್ನು ಬೆರೆಸಿದೆ. ಬೆರಕೆಯ ಹದ ನನ್ನದು, ಅದನ್ನು ಹೇಳಲಾರೆ. ಹೇಗೂ ನಿಮ್ಮ ಕಿವಿಗೆ ಅದು ಒಗ್ಗಬೇಕೆಂದಿಲ್ಲ. ಇದೆಯೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಶುರುಮಾಡಿ, ಎರಡು ಮೂರು ವಾರಕ್ಕೊಮ್ಮೆ ಕೂದಲೆಳೆಯಷ್ಟು ಏರಿಸುತ್ತ ಹೋದೆ. ಉರಿ ಎದ್ದರೆ ಎರಡು ಮೆಟ್ಟಿಲು ಕೆಳಗೆ. ಮೊದಲ ಐದಾರು ತಿಂಗಳು ಏನೂ ಕಾಣಲಿಲ್ಲ. ಎಲ್ಲರೂ ಕೈಬಿಡುವುದು ಅಲ್ಲಿಯೇ. ಒಂದೂವರೆ ವರ್ಷದ ನಂತರ ಮೈಸೂರಿನಲ್ಲಿ ಮತ್ತೆ ಅಳೆದಾಗ ನಾನು ಸಹಿಸುವ ಮಟ್ಟ ಎಂಬತ್ತು ಡೆಸಿಬಲ್ ಹತ್ತಿರ ಬಂದಿತ್ತು.

ಹಾಳಾದದ್ದು ಇಪ್ಪತ್ತೈದು ಸಾವಿರವಾದರೆ ಕೆಲಸಕ್ಕೆ ಬಂದದ್ದು ಹತ್ತು ಹನ್ನೊಂದು ಸಾವಿರ. ಗಣೇಶನ ವಿಸರ್ಜನೆಯ ವಾರ ಈಗಲೂ ಗುಬ್ಬಿಗೆ ಓಡಿಹೋಗುತ್ತೇನೆ, ತಮಟೆಯನ್ನಾದರೂ ತಡೆದೇನು, ಡಿಜೆಯನ್ನಲ್ಲ. ರಾತ್ರಿ ಹತ್ತರ ಮೇಲೆ ಸಾಮಾನ್ಯವಾಗಿ ಧ್ವನಿವರ್ಧಕ ಕೂಡದೆಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುತ್ತದೆ, ನಮ್ಮ ಬೀದಿಯ ಉತ್ಸಾಹಿಗಳು ಅದನ್ನು ಓದಿಲ್ಲ. ಶಾಲೆಯ ವಾರ್ಷಿಕೋತ್ಸವಕ್ಕೆ ಹೋದ ವರ್ಷ ಮಫ್ ಹಾಕಿಕೊಂಡು ಸಭಾಂಗಣದ ಹೊರಬಾಗಿಲಿನಿಂದ ಮಗನ ಕೋಲಾಟ ನೋಡಿದೆ. ಈ ವರ್ಷ ಫಿಲ್ಟರ್ ಇರುವ ಸಾದಾ ಪ್ಲಗ್ಗಿನಲ್ಲೇ ಒಳಗೆ, ಕೊನೆಯ ಸಾಲಿನಲ್ಲಿ, ಸ್ಪೀಕರಿಗೆ ಬೆನ್ನಾದ ಮೂಲೆಯಲ್ಲಿ ಕೂರುವುದೆಂದು ತೀರ್ಮಾನಿಸಿದ್ದೇನೆ. ಮಫ್ ಕೈಚೀಲದಲ್ಲಿರುತ್ತದೆ.